ಹತ್ತಿಗಾಗಿ ಹಚ್ಚಿದ ದೀಪ, ಮೀನುಗಾರರಿಗೆ ಉಳಿದ ಬೆಳಕು: ಕಾರವಾರದ ದೇವಗಡದ ಕಥೆ

ಫೋನಿನಲ್ಲಿ ಮ್ಯಾಪ್ ತೆರೆದರೆ ಒಂದು ನೀಲಿ ಚುಕ್ಕಿ ಕಾಣುತ್ತದೆ. ಪೀಣ್ಯದ ಫ್ಯಾಕ್ಟರಿ ಗೇಟಿನ ಮುಂದೆ ನಿಂತಿರಿ, ವೈಟ್‌ಫೀಲ್ಡಿನ ಬಸ್‌ಸ್ಟಾಪಿನಲ್ಲಿ ನಿಂತಿರಿ, ಆನೇಕಲ್ ಕಡೆಯ ಹೊಲದ ಬದುವಿನ ಮೇಲೆ ಕೂತಿರಿ, ನೀವಿರುವ ಜಾಗವನ್ನು ಅದು ತೋರಿಸುತ್ತದೆ. ನಾವು ಅದನ್ನು ನೋಡಿ ಬೆರಗಾಗುವುದನ್ನೂ ಬಿಟ್ಟುಬಿಟ್ಟಿದ್ದೇವೆ. ಆದರೆ ‘ನಾನೀಗ ಎಲ್ಲಿದ್ದೇನೆ?’ ಎಂಬ ಪ್ರಶ್ನೆ ಒಂದು ಕಾಲಕ್ಕೆ ಜೀವ ಉಳಿಸುವ ಅಥವಾ ತೆಗೆಯುವ ಪ್ರಶ್ನೆಯಾಗಿತ್ತು. ಸಮುದ್ರದಲ್ಲಿ ದುಡಿಯುವವರಿಗೆ ಇವತ್ತಿಗೂ ಅದು ಹಾಗೆಯೇ ಇದೆ.

ಆ ಪ್ರಶ್ನೆಗೆ ನಮ್ಮ ನಾಡಿನ ಕರಾವಳಿಯಲ್ಲಿ 1864ರಲ್ಲಿ ಒಂದು ಉತ್ತರ ಎದ್ದು ನಿಂತಿತು. ಬೆಂಗಳೂರಿನಿಂದ ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರದ ಕಾರವಾರದ ಎದುರು, ಸಮುದ್ರದ ನಡುವೆ, ದೇವಗಡ ಎಂಬ ಬಂಡೆಗಲ್ಲಿನ ದ್ವೀಪವಿದೆ. ಇಂಗ್ಲಿಷರು ಅದಕ್ಕೂ ಅದರ ಸುತ್ತಲಿನ ಬಂಡೆಗಳಿಗೂ ಸೇರಿಸಿ ‘ಆಯ್ಸ್ಟರ್ ರಾಕ್ಸ್’ ಎಂದರು. ಆಯ್ಸ್ಟರ್ ಎಂದರೆ ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿ. ಆ ದ್ವೀಪದ ನೆತ್ತಿಯ ಮೇಲೆ ಕಟ್ಟಿದ ದೀಪಸ್ತಂಭ 160 ವರ್ಷ ದಾಟಿದೆ.

ಇದು ಸಮುದ್ರ ನೋಡದವರ ಕಥೆಯಲ್ಲ ಎಂದು ಸ್ಕ್ರೋಲ್ ಮಾಡಬೇಡಿ. ಈ ದೀಪ ಹತ್ತಿದ್ದಕ್ಕೆ ಕಾರಣ ಮೀನಲ್ಲ, ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಬೆಳೆದ ಹತ್ತಿ. ಇಂದು ಆ ದೀಪದ ಕೆಲಸವನ್ನು ಹಂಚಿಕೊಂಡಿರುವ ಯಂತ್ರಗಳನ್ನು ನೋಡಿಕೊಳ್ಳುವ ಕಚೇರಿ ಇರುವುದು ಸಮುದ್ರದ ದಡದಲ್ಲಲ್ಲ, ನಮ್ಮ ಪೀಣ್ಯದಲ್ಲಿ.

ಕಾರವಾರ ಎಂಬ ಹಳೆಯ ಪೇಟೆ

ಕಾರವಾರದ ಸಮುದ್ರ ಗೋಕರ್ಣದ್ದೋ ಮುರುಡೇಶ್ವರದ್ದೋ ಥರ ಬಯಲು ಸಮುದ್ರವಲ್ಲ. ಅಲ್ಲಿ ಕಾಳಿ ನದಿ ಬಂದು ಸೇರುತ್ತದೆ. ಗುಡ್ಡಗಳು ನೀರಿನ ತನಕ ಚಾಚಿಕೊಂಡಿವೆ. ಎದುರಿಗೆ ಕೂರ್ಮಗಡ, ದೇವಗಡ, ಸ್ವಲ್ಪ ದಕ್ಷಿಣಕ್ಕೆ ಅಂಜದೀವ ಹೀಗೆ ದ್ವೀಪಗಳ ಕಾವಲು. ಗಾಳಿ ಜೋರಾದಾಗ ಹಾಯಿ ಹಡಗುಗಳು ಈ ದ್ವೀಪಗಳ ಮರೆಗೆ ಬಂದು ಲಂಗರು ಹಾಕುತ್ತಿದ್ದವು. ಆಸರೆ ಕೊಡುವ ಇದೇ ದ್ವೀಪಗಳು ಕತ್ತಲಲ್ಲಿ ಹಡಗಿನ ಹೊಟ್ಟೆ ಸೀಳುವ ಬಂಡೆಗಳೂ ಹೌದು.

ಈ ಆಸರೆಯನ್ನು ಹುಡುಕಿಕೊಂಡು ದೂರದವರು ಬಂದರು. 1498ರಲ್ಲಿ ವಾಸ್ಕೋ ಡ ಗಾಮ ಮರಳುವ ದಾರಿಯಲ್ಲಿ ಅಂಜದೀವದಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಹೊರಟರು. 1638ರಲ್ಲಿ ಇಂಗ್ಲಿಷರ ಕೋರ್ಟೆನ್ ಕಂಪನಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆಯಿತು. ಅವರನ್ನು ಎಳೆದು ತಂದದ್ದು ಸೋಂದೆ ಸೀಮೆಯ ಕಾಳುಮೆಣಸು. ಆಮೇಲೆ ಘಟ್ಟದ ಮೇಲಿನ ಬಟ್ಟೆಯ ವ್ಯಾಪಾರವೂ ಬೆಳೆಯಿತು. 1660ರ ಹೊತ್ತಿಗೆ ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಬಟ್ಟೆ ಕಾರವಾರದಿಂದ ಹೋಗುತ್ತಿತ್ತೆಂದೂ, ಅದನ್ನು ನೇಯಲು ಹುಬ್ಬಳ್ಳಿ ಮತ್ತಿತರ ಊರುಗಳಲ್ಲಿ 50 ಸಾವಿರದಷ್ಟು ನೇಕಾರರಿದ್ದರೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ.

ಅಂದರೆ ಆಗಲೂ ಲೆಕ್ಕ ಒಂದೇ. ಘಟ್ಟದ ಮೇಲೆ ಬೆವರು, ಘಟ್ಟದ ಕೆಳಗೆ ಬಂದರು, ಸಮುದ್ರದ ಆಚೆ ಲಾಭ.

ಆ ವೈಭವ ನಿಲ್ಲಲಿಲ್ಲ. ಯುದ್ಧ, ಲೂಟಿ, ಅರಸರ ಜಗಳ, ಡಚ್ಚರ ಮತ್ತು ಪೋರ್ಚುಗೀಸರ ಪೈಪೋಟಿ ಎಲ್ಲ ಸೇರಿ ಹಳೆಯ ಕಾರವಾರವನ್ನು ತಿಂದು ಹಾಕಿದವು. 1801ರ ಹೊತ್ತಿಗೆ ಅದು ಹಾಳುಬಿದ್ದ ಊರು. ಈಗ ನಾವು ನೋಡುವ ಕಾರವಾರ ಬೆಳೆದದ್ದು ಆಮೇಲೆ. ಅದಕ್ಕೂ ಮೊದಲು ಅಲ್ಲಿದ್ದದ್ದು ಮೀನುಗಾರರ ಹಳ್ಳಿ.

ಅಮೆರಿಕದ ಯುದ್ಧ, ಧಾರವಾಡದ ಹತ್ತಿ

ಮತ್ತೆ ಕಾರವಾರದ ಕಡೆ ಲೋಕ ತಿರುಗಿ ನೋಡಿದ್ದು ಒಂದು ದೂರದ ಯುದ್ಧದಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳು ಬಹುತೇಕ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯಿಂದ ಓಡುತ್ತಿದ್ದವು. ಆ ಹತ್ತಿಯನ್ನು ಬೆಳೆಯುತ್ತಿದ್ದವರು ಗುಲಾಮರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಮ್ಯಾಂಚೆಸ್ಟರಿನ ಗಿರಣಿಗಳು ನಿಂತವು, ಕೂಲಿಗಳು ಬೀದಿಗೆ ಬಿದ್ದರು. ಗಿರಣಿ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು.

ಭಾರತದಲ್ಲಿ ಒಳ್ಳೆಯ ಹತ್ತಿ ಬೆಳೆಯುವ ಸೀಮೆಗಳಲ್ಲಿ ಧಾರವಾಡವೂ ಒಂದು. ಆದರೆ ಧಾರವಾಡದ ಹತ್ತಿ ಹಡಗು ಹತ್ತುವುದೆಲ್ಲಿ? ಎತ್ತಿನ ಗಾಡಿಯಲ್ಲೋ, ಹೇರೆತ್ತುಗಳ ಬೆನ್ನಿನ ಮೇಲೋ ಘಟ್ಟ ಇಳಿಯಬೇಕು. ಹತ್ತಿರದ ಸಮುದ್ರವೆಂದರೆ ಉತ್ತರ ಕನ್ನಡದ್ದು. ಆ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಬೆಳೆ ಒಂದು ಸರ್ಕಾರದ ಕೈಯಲ್ಲಿ, ಬಂದರು ಇನ್ನೊಂದು ಸರ್ಕಾರದ ಕೈಯಲ್ಲಿ. ರಸ್ತೆ ಮಾಡುವವರು ಯಾರು? ಮ್ಯಾಂಚೆಸ್ಟರಿನ ವ್ಯಾಪಾರಿಗಳು ಲಂಡನ್ನಿನ ತನಕ ದೂರು ಒಯ್ದರು. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಳಚಿ ಬೊಂಬಾಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಇವೆರಡು ಮತ್ತೆ ಒಂದೇ ಆಡಳಿತದ ಕೆಳಗೆ ಬಂದದ್ದು 1956ರಲ್ಲಿ, ಕನ್ನಡದ ರಾಜ್ಯ ಒಂದಾದಾಗ. ಒಂದು ಬೆಳೆ ಒಂದು ನಾಡಿನ ಗಡಿಯನ್ನೇ ಎತ್ತಿ ಇಟ್ಟಿತು ಎನ್ನುವುದು ಇದಕ್ಕೆ.

ಜಿಲ್ಲೆ ಬೊಂಬಾಯಿಗೆ ಸೇರಿದ ಮೇಲೆ ಕೆಲಸ ಚುರುಕಾಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು ಬಂದವು, ಬಂದರಿಗೆ ನಕ್ಷೆ ಬಂತು. ಹಡಗುಗಳು ರಾತ್ರಿ ಹೊತ್ತು ಬಂಡೆಗೆ ಬಡಿಯದೆ ಒಳಗೆ ಬರಬೇಕಲ್ಲ, ಅದಕ್ಕೆ ದೇವಗಡದ ಮೇಲೆ ದೀಪಸ್ತಂಭ ಎದ್ದಿತು. ವರ್ಷ 1864.

ದೀಪ ಕೆಲಸ ಮಾಡುವ ಬಗೆ

ದೀಪವನ್ನು ದಡದಲ್ಲೇ ಹಚ್ಚಬಹುದಿತ್ತಲ್ಲ, ದ್ವೀಪದ ನೆತ್ತಿಗೆ ಕಲ್ಲು ಹೊತ್ತು ಯಾಕೆ ಹೋದರು? ಕಾರಣ ಭೂಮಿ ಗುಂಡಗಿದೆ. ಉಬ್ಬು ರಸ್ತೆಯಲ್ಲಿ ಆಚೆ ಕಡೆಯಿಂದ ಬರುವ ಲಾರಿಯ ನೆತ್ತಿ ಮೊದಲು ಕಾಣುತ್ತದೆ, ಆಮೇಲೆ ಬಂಪರ್ ಕಾಣುತ್ತದೆ. ಸಮುದ್ರದಲ್ಲೂ ಹಾಗೆಯೇ. ನೀರಿನ ಉಬ್ಬಿನ ಆಚೆ ಇರುವ ದೀಪ ಎಷ್ಟೇ ಪ್ರಖರವಾಗಿದ್ದರೂ ಕಾಣುವುದಿಲ್ಲ. ದೀಪ ಎತ್ತರಕ್ಕೆ ಹೋದಷ್ಟೂ ಉಬ್ಬಿನ ಮೇಲಿಂದ ಇಣುಕುತ್ತದೆ.

ದೇವಗಡದ ಗೋಪುರದ ಎತ್ತರ ಸುಮಾರು 20 ಮೀಟರ್. ಅಷ್ಟೇ ಆಗಿದ್ದರೆ ಬೆಳಕು ಹೆಚ್ಚು ದೂರ ಹೋಗುತ್ತಿರಲಿಲ್ಲ. ಆದರೆ ಗೋಪುರ ನಿಂತಿರುವುದು ಗುಡ್ಡದ ನೆತ್ತಿಯಲ್ಲಿ. ಹಾಗಾಗಿ ದೀಪವಿರುವುದು ಸಮುದ್ರಮಟ್ಟದಿಂದ ಸುಮಾರು 60 ಮೀಟರ್ ಮೇಲೆ. ಅಷ್ಟು ಎತ್ತರದ ದೀಪ, ಹಡಗಿನ ಮೇಲೆ 4 ಮೀಟರ್ ಎತ್ತರದಲ್ಲಿ ನಿಂತವನ ಕಣ್ಣಿಗೆ, ಲೆಕ್ಕದ ಪ್ರಕಾರ 35 ಕಿಲೋಮೀಟರ್ ದೂರದಿಂದಲೇ ಕಾಣಬೇಕು. ಪೀಣ್ಯದಲ್ಲಿ ದೀಪ ಹಚ್ಚಿದರೆ ಇಲೆಕ್ಟ್ರಾನಿಕ್ಸ್ ಸಿಟಿಯನ್ನೂ ದಾಟಿ ಕಂಡಂತೆ.

ದೀಪ ಅಂದರೆ ಆಗ ವಿದ್ಯುತ್ ಇಲ್ಲ. ಆ ಕಾಲದ ದೀಪಸ್ತಂಭಗಳಲ್ಲಿ ಎಣ್ಣೆ ಮತ್ತು ಬತ್ತಿ. ಬತ್ತಿಯ ಬೆಳಕು ಎಲ್ಲ ಕಡೆಗೂ ಚೆಲ್ಲುತ್ತದೆ. ಆಕಾಶಕ್ಕೂ ಹೋಗುತ್ತದೆ, ನೆಲಕ್ಕೂ ಬೀಳುತ್ತದೆ. ಅದನ್ನು ಒಟ್ಟುಗೂಡಿಸಿ ಸಮುದ್ರದ ಕಡೆಗೆ ನೇರವಾಗಿ ಕಳಿಸುವ ಉಪಾಯ ಕಂಡುಕೊಂಡವನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್. ಒಂದೇ ದಪ್ಪ ಗಾಜಿನ ಬದಲು, ಗಾಜಿನ ಉಂಗುರಗಳನ್ನು ಒಂದರ ಸುತ್ತ ಒಂದರಂತೆ ಜೋಡಿಸಿದ. ಒಂದೊಂದು ಉಂಗುರವೂ ತನ್ನ ಪಾಲಿನ ಬೆಳಕನ್ನು ಬಗ್ಗಿಸಿ ಒಂದೇ ದಿಕ್ಕಿಗೆ ಕಳಿಸುತ್ತದೆ. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಉರಿಯಿತು. ಮುಂದಿನ ಕೆಲವು ದಶಕಗಳಲ್ಲಿ ಲೋಕದ ದಡಗಳಲ್ಲೆಲ್ಲ ಹರಡಿತು.

ಮುಂದೆ ಸೀಮೆಎಣ್ಣೆ ಬಂತು. ಆಮೇಲೆ ಸೀಮೆಎಣ್ಣೆಯನ್ನು ಆವಿ ಮಾಡಿ ಮ್ಯಾಂಟಲ್ ಉರಿಸುವ ದೀಪ ಬಂತು. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ತರುತ್ತಿದ್ದ ಪೆಟ್ರೊಮ್ಯಾಕ್ಸ್ ನೆನಪಿದೆಯಲ್ಲ, ಅದೇ ತತ್ವ. ಅದಾದ ಮೇಲೆ ವಿದ್ಯುತ್, ಈಗ ಸೌರಫಲಕ ಮತ್ತು ಎಲ್‌ಇಡಿ.

ದೀಪ ಕಾಯುವವನ ಕೆಲಸ ಹೊರಗಿನಿಂದ ನೋಡಿದರೆ ಸುಲಭ. ಸಂಜೆ ಹಚ್ಚು, ಬೆಳಗ್ಗೆ ಆರಿಸು. ಒಳಗೆ ಹಾಗಿಲ್ಲ. ಬತ್ತಿ ಮಸಿ ಕಟ್ಟದಂತೆ ರಾತ್ರಿಯಿಡೀ ಕತ್ತರಿಸುತ್ತಿರಬೇಕು. ಗಾಜಿನ ಮೇಲೆ ಉಪ್ಪಿನ ತೇವ ಕೂರದಂತೆ ಹಗಲೆಲ್ಲ ಒರೆಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯ ಮಳೆ ಹೇಗಿರುತ್ತದೆ ಎಂಬುದು ನೋಡಿದವರಿಗೆ ಗೊತ್ತು. ದ್ವೀಪಕ್ಕೆ ದೋಣಿ ಹೋಗುವುದು ಸಮುದ್ರ ಒಪ್ಪಿದ ದಿನ ಮಾತ್ರ. ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ಮುಂಚೆಯೇ ಕೂಡಿಟ್ಟುಕೊಳ್ಳಬೇಕು. ಒಂದು ರಾತ್ರಿ ದೀಪ ಆರಿದರೆ ಕೇಳುವವರು ಅಲ್ಲಿ ಯಾರೂ ಇಲ್ಲ. ಆದರೆ ಆ ಒಂದು ರಾತ್ರಿಯೇ ಯಾವುದೋ ಹಡಗು ಆ ದೀಪವನ್ನು ನಂಬಿ ಬರುತ್ತಿರಬಹುದು. ಆ ಜವಾಬ್ದಾರಿ ಹೊತ್ತ ಸಾಮಾನ್ಯ ನೌಕರರ ಹೆಸರುಗಳನ್ನು ಚರಿತ್ರೆಯ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ದೀಪದ ಹೆಸರು ಸಿಗುತ್ತದೆ.

ಬೆಲೆ ಬಿತ್ತು, ರೈಲು ತಪ್ಪಿತು

ದೀಪ ಹತ್ತಿದ ಮರುವರ್ಷ, 1865ರಲ್ಲಿ, ಅಮೆರಿಕದ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಹಡಗು ಹತ್ತಿತು. ಬೊಂಬಾಯಿಯಲ್ಲಿ ಹತ್ತಿಯ ಬೆಲೆ ಧೊಪ್ಪನೆ ಬಿತ್ತು. ಹತ್ತಿಯ ದುಡ್ಡಿನಲ್ಲಿ ಷೇರು ಕೊಂಡು ಕುಣಿದವರು ದಿವಾಳಿಯಾದರು. ಹೊಲದಲ್ಲಿ ಬೆಳೆದವನ ಕಥೆ ಎಂದಿನಂತೆ: ಬೆಲೆ ಏರುವಾಗ ನಡುವಿನವರು ಮೊದಲು ಉಣ್ಣುತ್ತಾರೆ, ಬೆಲೆ ಇಳಿಯುವಾಗ ಬೆಳೆದವನು ಮೊದಲು ಉಪವಾಸ ಬೀಳುತ್ತಾನೆ.

ಆದರೂ ಕಾರವಾರದ ಆಸೆ ಸಾಯಲಿಲ್ಲ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬರುತ್ತದೆ ಎಂಬ ಮಾತು 1867ರಿಂದ ಹಬ್ಬಿತು. ಜಮೀನಿನ ಬೆಲೆ ಏರಿತು. ಉಗ್ರಾಣಗಳು, ಮನೆಗಳು ಎದ್ದವು. ರಿಂಗ್ ರಸ್ತೆ ಬರುತ್ತದೆ, ಮೆಟ್ರೊ ಬರುತ್ತದೆ ಎಂಬ ಸುದ್ದಿಗೇ ನಮ್ಮ ಕಡೆ ಸೈಟಿನ ಬೆಲೆ ಹೇಗೆ ಕುದಿಯುತ್ತದೆ ಎಂಬುದು ಬೆಂಗಳೂರಿನ ಅಂಚಿನ ಹಳ್ಳಿಗಳವರಿಗೆ ಹೇಳಿಕೊಡಬೇಕಿಲ್ಲ. ಕಾರವಾರದವರು ಅದನ್ನು 150 ವರ್ಷದ ಹಿಂದೆಯೇ ಕಂಡರು. 1874ರ ಹೊತ್ತಿಗೆ ಆ ಆಸೆ ಕಮರಿತು.

ಅದಾಗಿ ಎರಡೇ ವರ್ಷಕ್ಕೆ, 1876ರಲ್ಲಿ, ದೊಡ್ಡ ಬರ ಬಂತು. 1878ರ ತನಕ ಧಾರವಾಡ, ಬಿಜಾಪುರ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಜನ ಹುಳಗಳಂತೆ ಸತ್ತರು. ಮೈಸೂರು ಸಂಸ್ಥಾನವೊಂದರಲ್ಲೇ ಐದರಲ್ಲಿ ಒಂದು ಪಾಲಿನಷ್ಟು ಜನ ಹೋದರು ಎಂಬುದು ಆ ಕಾಲದ ಲೆಕ್ಕ. ಹತ್ತಿ ಸಾಗಿಸುವ ಅವಸರಕ್ಕೆ ಜಿಲ್ಲೆಯನ್ನೇ ಬದಲಿಸಿದ ಆಡಳಿತಕ್ಕೆ, ಹಸಿದವರಿಗೆ ಕಾಳು ಮುಟ್ಟಿಸುವ ರೈಲು ಧಾರವಾಡ ಸೀಮೆಯಲ್ಲಿ ಇನ್ನೂ ಇರಲಿಲ್ಲ. ಬರ ಮುಗಿದ ಮೇಲೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರಗಾಲ ಬಂದರೆ ಕಾಳು ಸಾಗಿಸಲು ಬೇಕು ಎಂಬುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು.

ರೈಲು ಕೊನೆಗೆ ಸಮುದ್ರಕ್ಕೆ ಇಳಿಯಿತು, ಆದರೆ ಕಾರವಾರಕ್ಕಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯ ಹಳಿಗಳು ಲೋಂಡಾ, ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಸರ ಗೋವಾದ ಮುರ್ಮಗೋವಾ ಬಂದರನ್ನು ಮುಟ್ಟಿದವು. ಸರಕು ಆ ಕಡೆ ಹರಿಯಿತು. ಕಾರವಾರದ ವ್ಯಾಪಾರ ಕುಗ್ಗಿತು. ಹುಬ್ಬಳ್ಳಿಯನ್ನು ಅಂಕೋಲಾದ ಮೂಲಕ ಸಮುದ್ರಕ್ಕೆ ಜೋಡಿಸುವ ರೈಲಿನ ಮಾತು ಈಗಲೂ ಇದೆ. ದಶಕಗಳಿಂದ ಯೋಜನೆಯಾಗಿಯೇ ಇದೆ. ಘಟ್ಟದ ಕಾಡು ಉಳಿಯಬೇಕು ಎನ್ನುವವರದು ಒಂದು ವಾದ, ಬಯಲುಸೀಮೆಗೆ ಬಂದರು ಬೇಕು ಎನ್ನುವವರದು ಇನ್ನೊಂದು ವಾದ. ಎರಡೂ ಕಡೆ ಹುರುಳಿದೆ, ಅದಕ್ಕೇ ಅದು ಸುಲಭಕ್ಕೆ ಮುಗಿಯುತ್ತಿಲ್ಲ.

ಇಷ್ಟೆಲ್ಲ ಏರಿಳಿತದ ನಡುವೆ ಬದಲಾಗದೆ ಉಳಿದದ್ದು ದೇವಗಡದ ದೀಪ. ಅದನ್ನು ಹಚ್ಚಿಸಿದ ಹತ್ತಿ ಹೋಯಿತು. ಹಚ್ಚಿಸಿದ ಸರ್ಕಾರವೂ 1947ರಲ್ಲಿ ಹೋಯಿತು. ದೀಪ ಉರಿಯುತ್ತಲೇ ಇತ್ತು.

ದುಡ್ಡು ಕೊಡದವರಿಗೂ ಸಿಗುವ ಬೆಳಕು

ದೀಪಸ್ತಂಭಕ್ಕೆ ಒಂದು ವಿಶೇಷ ಗುಣವಿದೆ. ರಸ್ತೆಗೆ ಟೋಲ್ ಗೇಟ್ ಹಾಕಬಹುದು, ಬಂದರಿಗೆ ಬೇಲಿ ಹಾಕಬಹುದು. ಬೆಳಕಿಗೆ ಬೇಲಿ ಹಾಕಲು ಬರುವುದಿಲ್ಲ. ಹತ್ತಿಯ ಹಡಗಿಗೆಂದು ಹಚ್ಚಿದ ದೀಪವನ್ನು ಅದೇ ರಾತ್ರಿ ಬಲೆ ಬೀಸುತ್ತಿದ್ದ ಮೀನುಗಾರನೂ ನೋಡುತ್ತಾನೆ. ಅವನು ನೋಡಿದ್ದರಿಂದ ಹಡಗಿನವನಿಗೆ ಬೆಳಕು ಕಡಿಮೆಯಾಗುವುದಿಲ್ಲ. ಅದಕ್ಕೇ ಅರ್ಥಶಾಸ್ತ್ರದ ಪಾಠಗಳಲ್ಲಿ ‘ಎಲ್ಲರ ಸ್ವತ್ತು’ ಎನ್ನುವುದಕ್ಕೆ ದೀಪಸ್ತಂಭದ ಉದಾಹರಣೆಯನ್ನೇ ಕೊಡುತ್ತಾರೆ.

ಹಾಗಾದರೆ ಖರ್ಚು ಯಾರದು? 1927ರ ದೀಪಸ್ತಂಭ ಕಾಯ್ದೆ ಇದಕ್ಕೊಂದು ವ್ಯವಸ್ಥೆ ಮಾಡಿತು. ಬಂದರಿಗೆ ಬರುವ ದೊಡ್ಡ ಹಡಗುಗಳಿಂದ ದೀಪದ ಶುಲ್ಕ ವಸೂಲಿ. ಆ ದುಡ್ಡಿನಲ್ಲಿ ದೀಪಗಳ ನಿರ್ವಹಣೆ. ಸಣ್ಣ ಮೀನುದೋಣಿಗಳು ಶುಲ್ಕ ಕೊಡುವುದಿಲ್ಲ, ಬೆಳಕು ಪಡೆಯುತ್ತವೆ. ಈಗ ದೇಶದಲ್ಲಿ 200ಕ್ಕೂ ಹೆಚ್ಚು ದೀಪಸ್ತಂಭಗಳಿವೆ. ನಮ್ಮ ಕರಾವಳಿಯಲ್ಲಿ ಜನ ಹೆಚ್ಚು ನೋಡಿರುವುದು 1901ರಲ್ಲಿ ಹತ್ತಿದ ಕಾಪುವಿನ ದೀಪ. ಅದು ದಡದ ಬಂಡೆಯ ಮೇಲಿದೆ, ಮೆಟ್ಟಿಲು ಹತ್ತಿ ಹೋಗಬಹುದು. ದೇವಗಡಕ್ಕೆ ಹಾಗೆ ಹೋಗಲಾಗದು. 2021ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸದು ಬಂತು. ಅದರ ಹೆಸರಿನಲ್ಲಿ ‘ದೀಪಸ್ತಂಭ’ ಇಲ್ಲ, ‘ನೌಕಾಯಾನಕ್ಕೆ ಸಾಗರ ಸಹಾಯಕಗಳು’ ಎಂಬ ಅರ್ಥದ ಮಾತಿದೆ. ದಾರಿ ತೋರಿಸುವ ಕೆಲಸ ದೀಪದಿಂದಾಚೆಗೂ ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಪೀಣ್ಯದ ದೀಪಸ್ತಂಭ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೆಷಿನ್‌ಗಳ ಸದ್ದು, ಲಾರಿಗಳ ಧೂಳು, ಗಾರ್ಮೆಂಟ್ಸ್ ಶಿಫ್ಟ್ ಬಿಟ್ಟಾಗಿನ ಜನಜಂಗುಳಿ ಎಲ್ಲರಿಗೂ ಗೊತ್ತು. ಅದರ ನಡುವೆಯೇ ಇಸ್ರೊದ ಇಸ್ಟ್ರಾಕ್ ಎಂಬ ಕಚೇರಿಯಿದೆ. ಉಪಗ್ರಹಗಳ ಜಾಡು ಹಿಡಿಯುವುದು, ಅವುಗಳಿಗೆ ಆದೇಶ ಕಳಿಸುವುದು ಅದರ ಕೆಲಸ. ಬೆಂಗಳೂರಿನ ಹೊರಗೆ, ಬ್ಯಾಲಾಳು ಹಳ್ಳಿಯಲ್ಲಿ, ದೊಡ್ಡ ಆಂಟೆನಾಗಳಿವೆ. ಅಲ್ಲೇ 2013ರಲ್ಲಿ ಇಸ್ರೊದ ನ್ಯಾವಿಗೇಷನ್ ಕೇಂದ್ರ ಶುರುವಾಯಿತು. ನಮ್ಮ ದೇಶದ್ದೇ ಆದ ದಾರಿತೋರು ಉಪಗ್ರಹಗಳ ಗುಂಪಿಗೆ ‘ನಾವಿಕ್’ ಎಂದು ಹೆಸರು.

ಇದು ಕೆಲಸ ಮಾಡುವ ಬಗೆ ದೀಪಸ್ತಂಭದ್ದೇ, ಸ್ವಲ್ಪ ಮುಂದುವರಿದದ್ದು. ರಾತ್ರಿ ಹೊಲದಲ್ಲಿ ನಿಂತು ಒಂದು ಕಡೆ ಊರ ಗುಡಿಯ ದೀಪ, ಇನ್ನೊಂದು ಕಡೆ ಪೆಟ್ರೋಲ್ ಬಂಕಿನ ದೀಪ ಕಂಡರೆ ನೀವು ಎಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ಹಡಗಿನವರೂ ಎರಡು ದೀಪಸ್ತಂಭಗಳ ದಿಕ್ಕು ನೋಡಿ ನಕ್ಷೆಯಲ್ಲಿ ಗೆರೆ ಎಳೆಯುತ್ತಿದ್ದರು, ಗೆರೆ ಕೂಡಿದ ಜಾಗದಲ್ಲಿ ಹಡಗು. ಉಪಗ್ರಹ ಬೆಳಕಿನ ಬದಲು ರೇಡಿಯೊ ಸಂಕೇತ ಕಳಿಸುತ್ತದೆ, ಅದರಲ್ಲಿ ಹೊರಟ ಸಮಯ ಬರೆದಿರುತ್ತದೆ. ಅದು ತಲುಪಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಿಮ್ಮ ಜಾಗ ಸಿಕ್ಕಿತು. ಸಂಕೇತ ಹೋಗುವ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಹಾಗಾಗಿ ಉಪಗ್ರಹದಲ್ಲಿ ಪರಮಾಣು ಗಡಿಯಾರ ಬೇಕು. ದೇವಗಡದಲ್ಲಿ ಬತ್ತಿ ಹೇಗೋ, ಇಲ್ಲಿ ಗಡಿಯಾರ ಹಾಗೆ.

ಬತ್ತಿ ಕೈಕೊಡುವಂತೆ ಗಡಿಯಾರಗಳೂ ಕೈಕೊಟ್ಟವು. ನಾವಿಕ್‌ನ ಮೊದಲ ಉಪಗ್ರಹ ಹೋದದ್ದು 2013ರಲ್ಲಿ. ಕೆಲವೇ ವರ್ಷದಲ್ಲಿ ಅದರ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ಆ ಗಡಿಯಾರಗಳು ಹೊರದೇಶದವು. ಬದಲಿಗೆ 2017ರಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಮುಚ್ಚಳ ತೆರೆಯದೆ ಒಳಗೇ ಉಳಿಯಿತು. 2018ರಲ್ಲಿ ಇನ್ನೊಂದು ಕಳಿಸಬೇಕಾಯಿತು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಮೊದಲ ಬಾರಿಗೆ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರ ಕೂತಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತಾನು ಸೇರಬೇಕಾದ ಕಕ್ಷೆಗೆ ಏರಲಾಗಲಿಲ್ಲ.

ಅಮೆರಿಕದ ಜಿಪಿಎಸ್ ಪುಕ್ಕಟೆ ಸಿಗುವಾಗ ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. ಉತ್ತರ ಸರಳ. 2000ದ ಮೇ ತಿಂಗಳ ತನಕ ಅಮೆರಿಕ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿಟ್ಟಿತ್ತು. ಜಾಗದ ಲೆಕ್ಕ ನೂರು ಮೀಟರಿನ ತನಕ ಆಚೀಚೆ ಆಗುತ್ತಿತ್ತು. ಒಂದು ದಿನ ಅವರೇ ಅದನ್ನು ತೆಗೆದರು. ಬೆಳಕಿಗೆ ಬೇಲಿ ಹಾಕಲು ಬರುವುದಿಲ್ಲ, ನಿಜ. ಆದರೆ ಬತ್ತಿ ಯಾರ ಕೈಯಲ್ಲಿದೆಯೋ ಅವರು ಅದನ್ನು ತಗ್ಗಿಸಬಹುದು.

ದೀಪವಿದ್ದರೂ ಸಾಲದ ರಾತ್ರಿಗಳು

ಉಪಗ್ರಹ ಬಂದ ಮೇಲೆ ದೀಪಸ್ತಂಭ ಬೇಡ ಎನ್ನುವವರಿದ್ದಾರೆ. ಕಾರವಾರದ ಸಮುದ್ರ ಆ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ದೀಪ ಒಂದಿದ್ದರೆ ಸಾಕು ಎಂಬ ಮಾತನ್ನೂ ಒಪ್ಪುವುದಿಲ್ಲ.

2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಮಳೆಗಾಲದ ಅಬ್ಬರದಲ್ಲಿ ಸಿಕ್ಕಿ ಬಡಿದದ್ದು ಇದೇ ಆಯ್ಸ್ಟರ್ ರಾಕ್ಸ್ ಬಂಡೆಗಳಿಗೆ. ದೀಪಸ್ತಂಭ ಅಲ್ಲೇ ಇತ್ತು, ಹಡಗಿನ ಕಾಲ ಜಿಪಿಎಸ್‌ನ ಕಾಲವಾಗಿತ್ತು. ಆದರೂ ಹಡಗು ಒಡೆಯಿತು. ನೂರಾರು ಟನ್ ಎಣ್ಣೆ ಸಮುದ್ರಕ್ಕೆ ಸೋರಿತು. ಎಣ್ಣೆಯ ಪದರ ಗೋವಾದ ದಡಗಳ ತನಕ ಹೋಯಿತು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ 7 ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಉತ್ತರ ಕನ್ನಡದವರೂ ಇದ್ದರು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡೆಯ ಸಮುದ್ರದ ತಳದಲ್ಲಿ. ತಿಂಗಳುಗಟ್ಟಲೆ ಆ ಮನೆಗಳವರು ದಡದ ಕಡೆ ನೋಡುತ್ತ ಕೂತಿದ್ದರು.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿ ಹಾಡಹಗಲೇ ಮಗುಚಿತು. 16 ಜನ ಸತ್ತರು. ಸತ್ತವರಲ್ಲಿ ಹಾವೇರಿ ಜಿಲ್ಲೆಯವರು ಹಲವರು. ಸಮುದ್ರದ ಸ್ವಭಾವ ತಿಳಿಯದ ಬಯಲುಸೀಮೆಯ ಜನ. ಅಲ್ಲಿ ಬೇಕಿದ್ದದ್ದು ದೀಪವಲ್ಲ. ದೋಣಿಯಲ್ಲಿ ಎಷ್ಟು ಜನ ಹತ್ತಬೇಕು ಎಂಬ ಲೆಕ್ಕ ಮತ್ತು ಪ್ರತಿಯೊಬ್ಬರ ಮೈಮೇಲೆ ಒಂದು ಲೈಫ್ ಜಾಕೆಟ್. ಬೆಂಗಳೂರಿನಿಂದ ವಾರಾಂತ್ಯಕ್ಕೆ ಕರಾವಳಿಗೆ ಹೋಗುವ ನಮ್ಮ ಓದುಗರು ಬಹಳ ಜನ ಇದ್ದೀರಿ. ಜಾಕೆಟ್ ಕೊಡದ ದೋಣಿಯನ್ನು ಹತ್ತಬೇಡಿ. ಬೇರೆಯವರು ನಕ್ಕರೂ ಪರವಾಗಿಲ್ಲ.

2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಮೀನುಗಾರರು ದೂರ ಸಮುದ್ರದಲ್ಲಿ ಮುನ್ಸೂಚನೆ ಸಿಗದೆ ಪ್ರಾಣ ಕಳೆದುಕೊಂಡರು. ಮೊಬೈಲ್ ಸಿಗ್ನಲ್ ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಸಿಗುವುದಿಲ್ಲ. ಆ ಕೊರತೆ ತುಂಬಲು 2019ರಲ್ಲಿ ‘ಜೆಮಿನಿ’ ಎಂಬ ಸಣ್ಣ ಪೆಟ್ಟಿಗೆ ಬಂತು. ಉಪಗ್ರಹದಿಂದ ಬರುವ ಬಿರುಗಾಳಿ ಎಚ್ಚರಿಕೆಯನ್ನು ಅದು ಮೀನುಗಾರನ ಮೊಬೈಲಿಗೆ ಮುಟ್ಟಿಸುತ್ತದೆ. ಅದನ್ನು ತಯಾರಿಸುವಲ್ಲಿ ಬೆಂಗಳೂರಿನ ಕಂಪನಿಯೊಂದರ ಕೈಯಿದೆ. ಆದರೆ ಪೆಟ್ಟಿಗೆ ಎಚ್ಚರಿಕೆ ಕೇಳಿಸಿಕೊಳ್ಳಬಲ್ಲದು, ‘ನಾನು ಮುಳುಗುತ್ತಿದ್ದೇನೆ’ ಎಂದು ತಿರುಗಿ ಹೇಳಲಾರದು. ತಿರುಗಿ ಮಾತಾಡುವ ಸಾಧನ ದೋಣಿ ದೋಣಿಗೂ ತಲುಪುವ ತನಕ ಈ ಕೆಲಸ ಅರ್ಧವೇ.

ಉಳಿಯಬೇಕಾದದ್ದು

ಪೀಣ್ಯ, ಇಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ತಯಾರಾದ ಸರಕು ಕೊನೆಗೆ ಹೋಗುವುದು ಸಮುದ್ರಕ್ಕೇ. ವೈಟ್‌ಫೀಲ್ಡಿನ ಕಂಟೇನರ್ ಡಿಪೊದಿಂದ ರೈಲು ಹತ್ತಿ ಚೆನ್ನೈ ಬಂದರಿಗೆ ಹೋದ ಪೆಟ್ಟಿಗೆಗಳು ಯಾವುದೋ ದೀಪಸ್ತಂಭದ ಮುಂದೆ ಹಾಯುತ್ತವೆ. ಶಿಫ್ಟಿನಲ್ಲಿ ಅಂಗಿಗೆ ಕಾಲರ್ ಹೊಲಿದ ಹೆಣ್ಣುಮಗಳು ಆ ಸಮುದ್ರವನ್ನು ನೋಡಿರಲಿಕ್ಕಿಲ್ಲ. 1864ರಲ್ಲಿ ಹತ್ತಿ ಬಿಡಿಸಿದ ಧಾರವಾಡದ ಹೆಣ್ಣುಮಗಳೂ ನೋಡಿರಲಿಕ್ಕಿಲ್ಲ. ಒಳನಾಡಿನ ದುಡಿಮೆಗೂ ಹೊರಗಿನ ಬೆಲೆಗೂ ಇರುವ ನಂಟು ಅಂದಿನಂತೆ ಇಂದೂ ಇದೆ. ಅಲ್ಲೆಲ್ಲೋ ಯುದ್ಧವಾದರೆ ಇಲ್ಲಿ ಓವರ್‌ಟೈಮ್, ಅಲ್ಲಿ ಯುದ್ಧ ನಿಂತರೆ ಇಲ್ಲಿ ಗೇಟ್ ಬಂದ್.

ಸರ್ಕಾರಗಳು, ಕಂಪನಿಗಳು ಏನನ್ನಾದರೂ ಕಟ್ಟುವುದು ತಮ್ಮ ಲಾಭಕ್ಕೇ ಇರಬಹುದು. ಮ್ಯಾಂಚೆಸ್ಟರಿನವರಿಗೆ ಕಾರವಾರದ ಮೀನುಗಾರನ ಚಿಂತೆ ಇರಲಿಲ್ಲ. ಆದರೆ ಅವರ ಲಾಭದ ಆಸೆ ಹೋದ ಮೇಲೂ ದೀಪ ಉಳಿಯಿತು. ಉಳಿದದ್ದಕ್ಕೆ ಕಾರಣ ಅದನ್ನು ಎಲ್ಲರ ಸ್ವತ್ತಾಗಿ ಇಟ್ಟದ್ದು, ಕಾನೂನು ಮಾಡಿ ಖರ್ಚಿಗೆ ದಾರಿ ಮಾಡಿದ್ದು, ಮಳೆಯಲ್ಲೂ ಬತ್ತಿ ಕತ್ತರಿಸಲು ಒಬ್ಬ ಮನುಷ್ಯನನ್ನು ಅಲ್ಲಿ ಇರಿಸಿದ್ದು. ನಮ್ಮೂರಿನ ಕೆರೆ, ಬಸ್ಸು, ಸರ್ಕಾರಿ ಶಾಲೆ, ಆಸ್ಪತ್ರೆ ಯಾವುದೇ ಇರಲಿ, ಅದನ್ನು ಕಟ್ಟಿಸಿದವರು ಯಾರು ಎಂಬ ಕಲ್ಲು ಬಾಗಿಲಲ್ಲೇ ಇರುತ್ತದೆ. ಕೇಳಬೇಕಾದ್ದು ಅದನ್ನಲ್ಲ. ಇವತ್ತು ರಾತ್ರಿ ಅದಕ್ಕೆ ಎಣ್ಣೆ ಹಾಕುವವರು ಯಾರು, ಅವರಿಗೆ ಸಂಬಳ ಸಿಕ್ಕಿದೆಯೇ ಎಂಬುದನ್ನು ಕೇಳಬೇಕು.

ಈ ರಾತ್ರಿ ಕಾರವಾರದ ದಡಕ್ಕೆ ಹೋದವರಿಗೆ ಮೋಡ ಇಲ್ಲದಿದ್ದರೆ ಪಶ್ಚಿಮದಲ್ಲಿ ಆ ದೀಪ ಕಾಣುತ್ತದೆ. ಹೋಗಲಾಗದವರು ಫೋನಿನ ಮ್ಯಾಪಿನಲ್ಲಿ ಕಾಳಿ ನದಿಯ ಬಾಯಿ ಹುಡುಕಿ, ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಬೆರಳು ಸರಿಸಿ ನೋಡಿ. ನೀಲಿಯ ನಡುವೆ ಒಂದು ಹಸಿರು ಚುಕ್ಕೆ ಸಿಗುತ್ತದೆ. ಅದೇ ದೇವಗಡ.